ಎಕ್ಕದ ಗಿಡದ ಮುಂದೆ ನಲವತ್ತು ಮಂದಿ

ಲಿಯೊನೆಲ್ ರೆಬೆಲ್ಲೊ ಹುಟ್ಟು ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಕಥೆ ಮುಗಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಕಿನ್ನಿಗೋಳಿ ಕಡೆಯವನು, ವಯಸ್ಸು ಐವತ್ತೊಂದು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಳೆಯ ಕಟ್ಟಡವೊಂದರ ಒಂಬತ್ತನೇ ಮಹಡಿಯಲ್ಲಿ, ಚರಂಡಿ ಪೈಪು ಹಾಕುವ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡಾಕ್ಯುಮೆಂಟ್ ಕಂಟ್ರೋಲರ್. ಇಂಜಿನಿಯರುಗಳು ಬರೆದ ನಕ್ಷೆಗೆ ನಂಬರು ಹಾಕುವುದು, ಸೀಲು ಒತ್ತಿ ಕಳಿಸುವುದು, ತಪ್ಪೆಂದು ವಾಪಸು ಬಂದರೆ ಹೊಸ ನಂಬರು ಹಾಕಿ ಮತ್ತೆ ಕಳಿಸುವುದು, ಇಷ್ಟೇ ಕೆಲಸ. ನಕ್ಷೆಯೊಳಗೆ ಏನಿದೆ ಎಂದು ಇಷ್ಟು ವರ್ಷಗಳಲ್ಲಿ ಅವನನ್ನು ಒಬ್ಬರೂ ಕೇಳಿರಲಿಲ್ಲ. ಕೇಳಿದ್ದರೆ ಅವನಿಗೆ ಗೊತ್ತಿರುತ್ತಿತ್ತು, ಅದು ಬೇರೆ ಮಾತು.

ನಾನು ಅಬೂಬಕ್ಕರ್, ಉಪ್ಪಿನಂಗಡಿಯವನು. ದುಬೈಯ ರಾಸ್ ಅಲ್ ಖೋರ್‌ನಲ್ಲಿ, ಎರಡು ಗ್ಯಾರೇಜುಗಳ ನಡುವೆ ಇರುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಕೆಲಸ ನನ್ನದು. ಹೋಟೆಲಿನ ಮೆನು, ಮದುವೆ ಕಾಗದ, ಟಯರ್ ಅಂಗಡಿಯ ಕ್ಯಾಲೆಂಡರು. ಲಿಯೊನೆಲ್‌ನ ಕಂಪನಿಯ ಲೆಟರ್‌ಹೆಡ್ ನಮ್ಮಲ್ಲೇ ಅಚ್ಚಾಗುತ್ತಿತ್ತು. ಹಾಗೆ ಪರಿಚಯ, ಹಾಗೆ ಸ್ನೇಹ. ಮುಂದೆ ಆದದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಮುಚ್ಚಿಡುವುದಿಲ್ಲ.

ಶುರುವಾದದ್ದು ಸಕ್ಕರೆ ಕಾಯಿಲೆಯಿಂದ. ಲಿಯೊನೆಲ್‌ನ ಹೆಂಡತಿ ವೆಲಿಟಾ ಆಸ್ಪತ್ರೆಯಲ್ಲಿ ನರ್ಸು. ಗಂಡನ ರಕ್ತದ ರಿಪೋರ್ಟನ್ನು ಅವಳು ಡಾಕ್ಟರಿಗಿಂತ ಮೊದಲೇ ಓದಿದಳು. "ಲಿಯೊ, ನಾಳೆಯಿಂದ ನಡೆಯುವುದು. ಇಲ್ಲದಿದ್ದರೆ ನನ್ನ ವಾರ್ಡಿಗೇ ಬಂದು ಮಲಗುವುದು" ಅಂದಳು. ಹಮ್ದಾನ್ ಸ್ಟ್ರೀಟಿನಲ್ಲಿ ನಡೆದರೆ ಹೆಜ್ಜೆಗೊಂದು ಶವರ್ಮಾ ಅಂಗಡಿ. ಅದಕ್ಕಾಗಿ ಅವನು 'ಮರಳು ಮಿತ್ರರು' ಎಂಬ ಕನ್ನಡಿಗರ ಗುಂಪು ಸೇರಿದ. ತನ್ನ ಜೊತೆ ನನ್ನನ್ನೂ ಎಳೆದುಕೊಂಡ.

ಈ ಗುಂಪನ್ನು ಕಟ್ಟಿದವನು ಮೈಸೂರಿನ ಆದರ್ಶ. ದುಬೈಯಲ್ಲಿ ಐಟಿ ಕೆಲಸ, ಕ್ಲೌಡ್ ಏನೋ ನೋಡಿಕೊಳ್ಳುತ್ತಾನೆ. ಅವನ ಹೆಂಡತಿ ಗಾನವಿ ಗುಂಪಿನ ಕಾರ್ಯದರ್ಶಿ. ಪ್ರತಿ ಶನಿವಾರ ಬೆಳಿಗ್ಗೆ ಹತ್ತು ಹನ್ನೆರಡು ಕಾರುಗಳಲ್ಲಿ ಊರಾಚೆ ಹೋಗುವುದು, ಎರಡು ತಾಸು ನಡೆಯುವುದು, ಹಾಟ್‌ಬಾಕ್ಸಿನ ಇಡ್ಲಿ ತಿನ್ನುವುದು, ವಾಪಸು ಬರುವುದು. ನಡೆಯುವ ಜಾಗ ಹಲವು ಸಲ ಕೇರಂ ಬೋರ್ಡಿನಷ್ಟು ಸಪಾಟು. ಆದರೂ ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಊರುಗೋಲು, ಬೆನ್ನಿನಿಂದ ಬಾಯಿಗೆ ನೀರಿನ ಕೊಳವೆ, ಕುತ್ತಿಗೆಯನ್ನೂ ಮುಚ್ಚುವ ಟೋಪಿ. ದೂರದಿಂದ ನೋಡಿದ ಒಂಟೆಗಳು ಮೇಯುವುದನ್ನು ನಿಲ್ಲಿಸುತ್ತಿದ್ದವು.

ಮೊದಲ ವಾರ ಹತ್ತಾ ಎಂಬ ಊರಿನ ಕಡೆಯ ಒಂದು ವಾದಿಗೆ, ಅಂದರೆ ಮಳೆ ಬಂದರೆ ಮಾತ್ರ ಹೊಳೆಯಾಗುವ ಕಣಿವೆಗೆ ಹೋಗಿದ್ದೆವು. ಕಲ್ಲಿನ ಸಂದಿಯಲ್ಲಿ ಉಗುರಿನಷ್ಟು ದೊಡ್ಡ ನೇರಳೆ ಹೂವೊಂದು ಕಂಡಿತು. "ಇದೇನು ಹೂವೋ" ಎಂದಳು ಗಾನವಿ, ಯಾರಿಗೂ ಅಲ್ಲ, ಗಾಳಿಗೆ. ಲಿಯೊನೆಲ್‌ನ ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್ ಇತ್ತು. ಮಗಳು ಒಲಿವಿಯಾ ಹಾಕಿಕೊಟ್ಟದ್ದು. ಅವನು ಹಿಂದೆ ಸರಿದು, ಗುಟ್ಟಾಗಿ ಫೋಟೊ ತೆಗೆದು, ಮುಂದೆ ಬಂದು, "ಎರೋಡಿಯಂ" ಅಂದ.

ಅದು ಸರಿಯೇ ಇತ್ತು. ಅವನನ್ನು ಕೆಡಿಸಿದ್ದು ಅದಲ್ಲ. ಗಾನವಿ ಬ್ಯಾಗಿನಿಂದ ಪುಟ್ಟ ಪುಸ್ತಕ ತೆಗೆದು, "ಸ್ಪೆಲಿಂಗ್ ಹೇಳಿ ಸರ್" ಎಂದು ಕೇಳಿ ಬರೆದುಕೊಂಡಳು. ಲಿಯೊನೆಲ್ ಹೇಳಿದ ಮಾತನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು. ವಾಪಸು ಬರುವಾಗ ಕಾರಿನಲ್ಲಿ ಅವನು, "ಅವಳು ಬರೆದುಕೊಂಡಳಲ್ಲ, ನೋಡಿದೆಯಾ?" ಅಂದ.

ಮುಂದಿನ ವಾರದ ಕಣಿವೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಬೂದುಬಣ್ಣದ ಪೊದೆಯೊಂದರ ಎದುರು ಎಲ್ಲರೂ ನಿಂತರು, ನಿಂತು ಲಿಯೊನೆಲ್‌ನ ಮುಖ ನೋಡಿದರು. ಅವನ ಫೋನಿನಲ್ಲಿ ಚಕ್ರ ತಿರುಗುತ್ತಿತ್ತು. ತಿರುಗುತ್ತಲೇ ಇತ್ತು. ಗಾನವಿ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದಳು.

"ವಾಲ್ವೇರಿಯ ಡ್ರೈನೇಜಿಕ" ಅಂದ ಲಿಯೊನೆಲ್.

ವಾಲ್ವು ಮತ್ತು ಡ್ರೈನೇಜು ಅವನ ಆಫೀಸಿನ ಕಪಾಟಿನ ಮೇಲೆ ಬರೆದಿರುವ ಮಾತುಗಳು. ಆದರೆ ಗಾನವಿ ಬರೆದುಕೊಂಡಳು. ಹತ್ತು ಮಂದಿ ಫೋಟೊ ತೆಗೆದರು. ಆದರ್ಶ ತಲೆದೂಗಿ, "ನೈಸ್, ಡ್ರೈ ಏರಿಯಾದ್ದು ಅಲ್ವಾ, ಅದಕ್ಕೇ ಡ್ರೈನೇಜಿಕ" ಅಂದ. ಸುಳ್ಳಿಗೆ ಅರ್ಥವನ್ನು ಕೇಳುವವರೇ ಕಟ್ಟಿಕೊಡುತ್ತಾರೆ ಎಂದು ಲಿಯೊನೆಲ್‌ಗೆ ಅವತ್ತು ಗೊತ್ತಾಯಿತು.

ಆಮೇಲೆ ಎರಡು ಚಳಿಗಾಲ ಅವನನ್ನು ಹಿಡಿಯುವವರಿರಲಿಲ್ಲ. ಹದಿನೆಂಟು ಜೇಬಿನ ಜಾಕೆಟ್ಟು, ಕೊರಳಿಗೆ ಭೂತಗನ್ನಡಿ. ಎಲ್ಲರ ಬಾಯಲ್ಲೂ 'ಲಿಯೊನೆಲ್ ಸರ್'. ಆ್ಯಪ್ ಸಿಕ್ಕರೆ ಆ್ಯಪಿನ ಹೆಸರು, ಸಿಗದಿದ್ದರೆ ಆಫೀಸಿನ ಹೆಸರು. ಟ್ರಾನ್ಸ್‌ಮಿಟೇಲಿಯ, ಮ್ಯಾನ್‌ಹೋಲಿಸ್, ಪೆಂಡಿಂಗ ಅಪ್ರೂವಾಲಿಸ್. ಹೆಸರಷ್ಟೇ ಹೇಳಿದರೆ ಜನಕ್ಕೆ ಸಾಲದು ಎಂದು ಗೊತ್ತಾದ ಮೇಲೆ ಉಪಯೋಗವನ್ನೂ ಸೇರಿಸತೊಡಗಿದ. ಎಲ್ಲದರಲ್ಲೂ ಒಬ್ಬ ಬೆದೂಯಿನ್, ಅಂದರೆ ಮರುಭೂಮಿಯ ಅಲೆಮಾರಿ ಅರಬ, ಇರುತ್ತಿದ್ದ. ಈ ಬೇರನ್ನು ಬೆದೂಯಿನ್ನರು ಹಲ್ಲುನೋವಿಗೆ ಅಗಿಯುತ್ತಾರೆ, ಈ ಎಲೆಯನ್ನು ಬೆದೂಯಿನ್ ಮದುಮಗಳ ದಿಂಬಿನಲ್ಲಿ ಇಡುತ್ತಾರೆ.

ಒಮ್ಮೆ ನಿಜವಾದವನೊಬ್ಬ ಸಿಕ್ಕಿದ. ಅಲ್ ಐನ್ ರಸ್ತೆಯಾಚೆ ಒಂಟೆಕೊಟ್ಟಿಗೆ ಇಟ್ಟುಕೊಂಡಿದ್ದ ಅಬ್ದುಲ್ಲ ಎಂಬ ಮುದುಕ. ಬೇಲಿಯ ಪಕ್ಕ ನಲವತ್ತು ಮಂದಿ ಒಂದು ಪೊದೆಗೆ ಸುತ್ತುಗಟ್ಟಿದ್ದನ್ನು ಕಂಡು, ಯಾರಾದರೂ ಸತ್ತುಬಿದ್ದಿದ್ದಾರೇನೋ ಎಂದು ಓಡಿಬಂದ. ಮುಂಬಯಿಯವರ ಜೊತೆ ವ್ಯಾಪಾರ ಮಾಡಿದವನಾದ್ದರಿಂದ ಒಳ್ಳೆಯ ಹಿಂದಿ ಬರುತ್ತಿತ್ತು. ಲಿಯೊನೆಲ್ ಹೇಳುತ್ತಿದ್ದುದನ್ನು ಗಾನವಿ ಅವನಿಗೆ ಹಿಂದಿಯಲ್ಲಿ ತಿಳಿಸಿದಳು. ಈ ಎಲೆಯ ಹೊಗೆ ಹಾಕಿದರೆ ಒಂಟೆಗೆ ಒಳ್ಳೆಯ ನಿದ್ದೆ ಬರುತ್ತದೆ ಎಂದು ನಿಮ್ಮ ಹಿರಿಯರು ನಂಬಿದ್ದರಂತೆ.

ಅಬ್ದುಲ್ಲ ಗಡ್ಡ ಸವರಿಕೊಂಡ. "ನಮ್ಮಜ್ಜ ಹೀಗೆ ಮಾಡುತ್ತಿದ್ದನೇ? ನನಗೆ ಹೇಳಲೇ ಇಲ್ಲ."

ಎಲ್ಲರೂ ನಕ್ಕರು. ಅವನು ಕಾವಾ ಎಂಬ ಅರಬ್ಬಿ ಕಾಫಿ ಕುಡಿಸಿದ, ಖರ್ಜೂರ ಕೊಟ್ಟ. ಅಲ್ಲಿ ಬೆಳೆಯುವ ಪ್ರತಿಯೊಂದು ಕಡ್ಡಿಯ ಹೆಸರೂ ಗೊತ್ತಿದ್ದ ಒಬ್ಬನೇ ಮನುಷ್ಯನನ್ನು ಮರಳು ಮಿತ್ರರು ಕೇಳಿಕೊಂಡದ್ದು ಇಷ್ಟೇ: ಫೋಟೊಕ್ಕೆ ಬಿಸಿಲು ಬೀಳುವ ಹಾಗೆ ಸ್ವಲ್ಪ ಎಡಕ್ಕೆ ನಿಲ್ಲಬೇಕು ಎಂದು.

ಪುಸ್ತಕ ಮಾಡಿಸುವ ಯೋಚನೆ ಗಾನವಿಯದು. ಅರವತ್ತನಾಲ್ಕು ಗಿಡ, ಅರವತ್ತನಾಲ್ಕು ಪುಟ, ಕನ್ನಡ ಮತ್ತು ಇಂಗ್ಲಿಷಿನಲ್ಲಿ, ಹಿಂದಿನ ರಟ್ಟಿನಲ್ಲಿ ಒಂದು ಉಡುಪಿ ಹೋಟೆಲಿನ ಜಾಹೀರಾತು. ಪುಟ ಜೋಡಿಸಲು ನನ್ನ ಬಳಿಗೆ ಬಂತು. ಇಪ್ಪತ್ತಮೂರನೇ ಪುಟ ತೆರೆದಾಗ ನನ್ನ ಕೈ ನಿಂತಿತು. ಮೇಣದಂಥ ಬಿಳಿ ದಳ, ತುದಿಯಲ್ಲಿ ನೇರಳೆ, ನಡುವೆ ಕಿರೀಟ, ದಪ್ಪ ಬೂದು ಹಸಿರು ಎಲೆ. ಕೆಳಗೆ 'ಕೊರೊನೇರಿಯ ಇಂಪೀರಿಯಾಲಿಸ್, ಅರೇಬಿಯದ ರಾಜಮುಕುಟ' ಎಂದು ಬರೆದಿತ್ತು.

ಲಿಯೊನೆಲ್‌ಗೆ ಫೋನ್ ಮಾಡಿದೆ. "ಇದು ಎಕ್ಕ ಅಲ್ವಾ ಮಾರಾಯ?"

ಆ ಕಡೆ ಪ್ರಿಂಟರಿನ ಸದ್ದು ಕೇಳುತ್ತಿತ್ತು.

"ಹೌದು" ಅಂದ. "ಆ್ಯಪ್ ಕೂಡ ಅದನ್ನೇ ಹೇಳಿತು. ಕ್ಯಾಲೊಟ್ರೊಪಿಸ್. ಊರಿನದ್ದರ ತಮ್ಮ. ನಾನು ಅವತ್ತು ಹೇಳಲಿಕ್ಕೆ ಬಾಯಿ ತೆರೆದದ್ದು ಅಬೂ. ಆದ್ರೆ ಅವರೆಲ್ಲ ಹೊಸ ಶೂ ಹಾಕಿ, ನೂರು ಕಿಲೋಮೀಟರ್ ಕಾರು ಬಿಟ್ಟು ಬಂದಿದ್ರು. ಅವರಿಗೆ ನಮ್ಮೂರ ಚರಂಡಿ ಬದಿಯ ಎಕ್ಕ ಅಂತ ಹೇಗೆ ಹೇಳುವುದು? ಬೇಜಾರಾಗ್ತದೆ ಅಲ್ವಾ?"

ನಾನು ಹೌದೆಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಆ ಪುಟದ ಕೆಳಗೆ ಎರಡು ಸಾಲಿನ ಜಾಗ ಖಾಲಿ ಉಳಿದಿತ್ತು. ಎದುರುಪುಟದ ಜೊತೆ ಹೊಂದುತ್ತಿರಲಿಲ್ಲ. ಕಣ್ಣಿಗೆ ಚಂದ ಕಾಣಬೇಕೆಂಬ ನನ್ನ ಕಸುಬಿನ ಚಟ. "ಎರಡು ಸಾಲು ಏನಾದರೂ ಕೊಡು" ಎಂದು ನಾನೇ ಕೇಳಿದೆ. ಅವನು ನಿಂತ ಕಾಲಲ್ಲೇ ಹೇಳಿದ: 'ಇದರ ಹಾಲನ್ನು ಕೆನ್ನೆಗೆ ಲೇಪಿಸಿದರೆ ಕಾಂತಿ ಹೆಚ್ಚುತ್ತದೆ ಎಂದು ಬೆದೂಯಿನ್ ಮಹಿಳೆಯರು ನಂಬುತ್ತಾರೆ.' ಸಾಲು ಸರಿಯಾಗಿ ಕೂತಿತು. ಅಕ್ಷರ ಒಂದು ಪಾಯಿಂಟು ದೊಡ್ಡದು ಮಾಡಿದೆ.

ಬಿಡುಗಡೆ ದುಬೈಯ ಊದ್ ಮೇಥಾದ ಒಂದು ಸಭಾಂಗಣದಲ್ಲಿ ಆಯಿತು. ಲಿಯೊನೆಲ್‌ಗೆ ಶಾಲು, ಹಣ್ಣಿನ ಬುಟ್ಟಿ, 'ಮರುಭೂಮಿಯ ಸಸ್ಯಋಷಿ' ಎಂಬ ಫಲಕ. ಮುಖ್ಯ ಅತಿಥಿಯಾಗಿ ಬಂದ ಟೈಲ್ಸ್ ಅಂಗಡಿಯ ಮಾಲೀಕರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು, ಇಂಥ ಸಂಶೋಧನೆ ಕನ್ನಡದಲ್ಲಿ ಬಂದಿಲ್ಲ ಎಂದರು. ಅದು ನಿಜವೇ. ಮೂರನೇ ಸಾಲಿನಲ್ಲಿ ಕೂತಿದ್ದ ಒಲಿವಿಯಾ ಪುಸ್ತಕ ತಿರುವಿ ಹಾಕಿ, ವೇದಿಕೆ ಇಳಿದು ಬಂದ ಅಪ್ಪನ ಕಿವಿಯಲ್ಲಿ, "ಡ್ಯಾಡ್, ಹಾಫ್ ಆಫ್ ದೀಸ್ ಡೋಂಟ್ ಎಗ್ಸಿಸ್ಟ್" ಎಂದಳು.

"ನೀನು ಸೈನ್ಸ್ ಓದುವವಳಲ್ಲ" ಎಂದ ಲಿಯೊನೆಲ್.

"ಐ ಆ್ಯಮ್, ಡ್ಯಾಡ್" ಅಂದಳು ಅವಳು. ಹನ್ನೆರಡನೆಯ ತರಗತಿ, ಬಯಾಲಜಿ.

ವೆಲಿಟಾ ಡ್ಯೂಟಿಯಿಂದ ನೇರವಾಗಿ ಬಂದಿದ್ದಳು. ಭಾಷಣ ನಡೆಯುತ್ತಿದ್ದಾಗ ಅವಳಿಗೆ ಕೂತಲ್ಲೇ ನಿದ್ದೆ ಹತ್ತಿತು. ಗಂಡನ ಸಾಧನೆಯನ್ನು ಆ ಸಭೆಯಲ್ಲಿ ಸರಿಯಾಗಿ ಅಳೆದವಳು ಅವಳೊಬ್ಬಳೇ ಎಂದು ನನ್ನ ಅಭಿಪ್ರಾಯ.

ಆ ವರ್ಷ ಜನವರಿ ಕೊನೆಯಲ್ಲಿ ಎರಡು ದಿನ ಒಳ್ಳೆಯ ಮಳೆಯಾಯಿತು. ಫೆಬ್ರವರಿಯ ಮೂರನೇ ಶನಿವಾರ ಅಲ್ ಐನ್ ದಾರಿಯಲ್ಲಿ ದೊಡ್ಡ ನಡಿಗೆ ಇಟ್ಟರು. ಮರಳಿನ ಮೇಲೆ ಹಸಿರು ಚುಕ್ಕಿ ಎದ್ದಿತ್ತು. ಅವತ್ತು ಆದರ್ಶನ ತಾಯಿ ಚಾಮುಂಡೇಶ್ವರಮ್ಮನೂ ಬಂದಿದ್ದರು. ನಂಜನಗೂಡಿನವರು, ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದವರು. ಸೀರೆಯ ಕೆಳಗೆ ಸೊಸೆಯ ಹಳೆಯ ಸ್ಪೋರ್ಟ್ಸ್ ಶೂ. ಊರುಗೋಲು ಬೇಡವೆಂದರು. ಆ ಗುಂಪಿನಲ್ಲಿ ಊರುಗೋಲು ಹಿಡಿಯುವ ವಯಸ್ಸಿನವರು ಅವರೊಬ್ಬರೇ.

ಅರ್ಧ ತಾಸು ನಡೆದ ಮೇಲೆ ತಗ್ಗಿನಲ್ಲಿ ಆಳೆತ್ತರದ ಎಕ್ಕದ ಗಿಡ ಕಂಡಿತು, ಮೈತುಂಬ ಹೂ. ಲಿಯೊನೆಲ್ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ. "ಪುಟ ಇಪ್ಪತ್ತಮೂರು" ಎಂದ. ನಲವತ್ತು ಪುಸ್ತಕಗಳು ಸರಸರನೆ ತೆರೆದವು.

ಚಾಮುಂಡೇಶ್ವರಮ್ಮ ಗಿಡದ ಹತ್ತಿರ ಹೋಗಿ, ಎಲೆ ಮುಟ್ಟಿ ನೋಡಿ, "ಇದು ಎಕ್ಕ ಕಣೋ ಆದಿ" ಎಂದರು.

"ಅಮ್ಮ, ಇದು ಇಲ್ಲಿಯ ಗಿಡ" ಎಂದ ಮಗ, ತಗ್ಗಿದ ದನಿಯಲ್ಲಿ. "ಅರೇಬಿಯನ್ ಸ್ಪೀಶೀಸ್."

"ಇಲ್ಲಿಯದಾದರೇನಪ್ಪ, ಎಕ್ಕ ಎಕ್ಕವೇ. ರಥಸಪ್ತಮಿ ದಿನ ಇದರ ಎಲೆ ತಲೆ ಮೇಲೆ ಇಟ್ಟು ನಿನಗೆ ಎಷ್ಟು ವರ್ಷ ನೀರು ಹುಯ್ದಿದೀನಿ. ಗೊತ್ತಾಗಲ್ವಾ ನಂಗೆ?" ಆಮೇಲೆ ಲಿಯೊನೆಲ್ ಕಡೆ ತಿರುಗಿದರು. ಅವನ ಹೆಸರು ಅವರಿಗೆ ಸರಿಯಾಗಿ ಹಿಡಿದಿರಲಿಲ್ಲ. "ಲಯನ್ನಪ್ಪೋರೇ, ನೀವು ತಿಳಿದವರು. ಇದು ಎಕ್ಕ ಅಲ್ವಾ?"

ಲಿಯೊನೆಲ್ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. "ಹತ್ತಿರದ ಜಾತಿಯೇ ಅಮ್ಮ" ಎಂದ. "ಆದರೆ ಅದಲ್ಲ."

ಈಗ ಗಿಡದ ಮುಂದೆ ಸಾಲಾಗಿ ನಿಂತವರನ್ನು ಸ್ವಲ್ಪ ನೋಡಬೇಕು. ಎರಡನೆಯವಳಾಗಿ ನಿಂತಿದ್ದ ಬಂಟ್ವಾಳದ ಹೆಂಗಸು, ಬಾಲ್ಯದಲ್ಲಿ ಮಂಡಿನೋವಿನ ಅಜ್ಜಿಗೆ ಎಕ್ಕದೆಲೆ ಬಿಸಿಮಾಡಿ ಕಟ್ಟಿದವಳು. ಅವಳ ಹಿಂದೆ ಇದ್ದ ಬ್ಯಾಂಕಿನವನು, ಶನಿವಾರ ಶನಿವಾರ ಆಂಜನೇಯನಿಗೆ ಎಕ್ಕದ ಹಾರ ಕಟ್ಟುತ್ತಿದ್ದ ಮನೆಯವನು. ಆದರ್ಶನ ವಿಷಯ ಅವನ ತಾಯಿಯೇ ಹೇಳಿದರು. ಲಿಯೊನೆಲ್ ಸಣ್ಣವನಿದ್ದಾಗ ಇದರ ಮೊಗ್ಗನ್ನು ಟಪ್ಪೆಂದು ಒಡೆದು ಆಡಿ, ಕೈ ತೊಳೆಯದೆ ಊಟಕ್ಕೆ ಕೂತದ್ದಕ್ಕೆ ತಾಯಿಯಿಂದ ಏಟು ತಿಂದವನು. ನಾನಂತೂ ಪುಟ ಜೋಡಿಸಿದವನು. ನಲವತ್ತು ಮಂದಿಯಲ್ಲಿ ಎಕ್ಕ ಗೊತ್ತಿಲ್ಲದವರು ಇದ್ದರೆ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಬೆಳೆದ ನಾಲ್ಕೈದು ಜನ ಇದ್ದಿರಬಹುದು. ಉಳಿದ ನಾವೆಲ್ಲರೂ ಪುಟ ಇಪ್ಪತ್ತಮೂರನ್ನು ತದೇಕಚಿತ್ತದಿಂದ ಓದುತ್ತಿದ್ದೆವು.

ಗಾನವಿ ನಿಜಕ್ಕೂ ಅರಿಯದವಳು, ಬಸವನಗುಡಿಯ ಮೂರನೇ ಮಹಡಿಯಲ್ಲಿ ಬೆಳೆದವಳು. ಅವಳು ಎಲೆಯೊಂದನ್ನು ಕಿತ್ತಳು. ತೊಟ್ಟಿನಿಂದ ಹಾಲು ಬಳಬಳ ಇಳಿಯಿತು. ಪುಸ್ತಕದ ಎರಡು ಸಾಲನ್ನು ಜೋರಾಗಿ ಓದಿ, ನಗುತ್ತ, ಬೆರಳಿನಿಂದ ಎರಡು ಕೆನ್ನೆಗೂ ಬಳಿದುಕೊಂಡಳು.

"ಹಾಲು ಮುಟ್ಟಬೇಡ ಕಣಮ್ಮ" ಎಂದರು ಅತ್ತೆ.

"ಅತ್ತೆ, ಬುಕ್ಕಲ್ಲೇ ಇದೆಯಲ್ಲ."

ಲಿಯೊನೆಲ್ ಒಂದು ಹೆಜ್ಜೆ ಮುಂದೆ ಇಟ್ಟದ್ದನ್ನು ನಾನು ನೋಡಿದೆ. ಬಾಯಿ ತೆರೆದದ್ದನ್ನೂ ನೋಡಿದೆ. ಅಷ್ಟರಲ್ಲಿ ಆದರ್ಶ ಫೋಟೊಕ್ಕೆ ಕರೆದ, ನಾಲ್ಕು ಹೆಂಗಸರು ಗಾನವಿಯ ಸುತ್ತ ನಿಂತರು, ಯಾರೋ ಲಿಯೊನೆಲ್‌ನನ್ನು ನಡುವೆ ನಿಲ್ಲಿಸಿದರು. ಅವನು ನಿಂತ.

ಹತ್ತು ಗಂಟೆಯ ಬಿಸಿಲು. ಗಾನವಿಗೆ ಹಣೆಯಿಂದ ಬೆವರಿಳಿಯಿತು. ಬೆರಳಿನಿಂದ ಕಣ್ಣೊರೆಸಿಕೊಂಡಳು. ಸ್ವಲ್ಪ ಉರಿ ಎಂದಳು. ಸನ್‌ಸ್ಕ್ರೀನ್ ಇರಬೇಕು ಎಂದ ಆದರ್ಶ. ಇಡ್ಲಿ ತಿನ್ನಲು ಕೂತಾಗ ಅವಳು ಚಮಚವನ್ನು ತಟ್ಟೆಯ ಹೊರಗೆ ಇಟ್ಟಳು. "ಬಲಗಣ್ಣಿಗೆ ಹೊಗೆ ಕವಿದ ಹಾಗಿದೆ, ಆದಿ. ನಿನ್ನ ಮುಖ ಕಾಣಿಸ್ತಿಲ್ಲ."

ಚಾಮುಂಡೇಶ್ವರಮ್ಮ ಯಾರ ಅಪ್ಪಣೆಗೂ ಕಾಯಲಿಲ್ಲ. ಸೊಸೆಯ ತಲೆಯನ್ನು ತಮ್ಮ ತೊಡೆಯ ಮೇಲೆ ಒರಗಿಸಿಕೊಂಡು, ರೆಪ್ಪೆ ಬಿಡಿಸಿ, ಬಾಟಲಿಯ ಮೇಲೆ ಬಾಟಲಿ ನೀರು ಹುಯ್ದರು. ಬೆನ್ನಿಗೆ ಕಟ್ಟಿಕೊಂಡಿದ್ದ ಕೊಳವೆಗಳು ಆಗ ಮೊದಲ ಬಾರಿಗೆ ಉಪಯೋಗಕ್ಕೆ ಬಂದವು. ಲಿಯೊನೆಲ್ ವೆಲಿಟಾಗೆ ಫೋನ್ ಹಚ್ಚಿದ. ಅವಳು ಕೇಳಿದ್ದು ಒಂದೇ: "ಯಾವ ಗಿಡ?"

"ರೂಯ್" ಎಂದ ಲಿಯೊನೆಲ್. ಕೊಂಕಣಿಯಲ್ಲಿ ಎಕ್ಕ. ಸುತ್ತ ಯಾರಿಗೂ ಅರ್ಥವಾಗದ ಹಾಗೆ.

"ತೊಳೆಯುತ್ತಲೇ ಇರಿ, ಈಗಲೇ ಎಮರ್ಜೆನ್ಸಿಗೆ ಹೋಗಿ" ಎಂದು ಅವಳು ಫೋನಿಟ್ಟಳು.

ಆದರ್ಶನ ಕಾರು ಮುಂದೆ, ನಮ್ಮದು ಹಿಂದೆ. ನಾವು ಆಸ್ಪತ್ರೆಯ ಒಳಗೆ ಕಾಲಿಟ್ಟಾಗ ಆದರ್ಶ ಕೌಂಟರಿನ ಮುಂದೆ ಪುಸ್ತಕ ಹಿಡಿದು ನಿಂತಿದ್ದ. ಎದುರಿಗೆ ಸುಡಾನಿನ ಒಬ್ಬ ಹೆಂಗಸು ಡಾಕ್ಟರ್, ಕಂಪ್ಯೂಟರಿನಲ್ಲಿ ಏನೋ ಹುಡುಕುತ್ತಿದ್ದರು.

"ಕೊರೊನೇರಿಯ ಇಂಪೀರಿಯಾಲಿಸ್" ಎಂದ ಆದರ್ಶ ಮತ್ತೊಮ್ಮೆ, ಒಂದೊಂದು ಅಕ್ಷರ ಬಿಡಿಸಿ.

"ಈ ಹೆಸರಿನ ಗಿಡ ಎಲ್ಲೂ ಸಿಗುತ್ತಿಲ್ಲ" ಎಂದರು ಡಾಕ್ಟರ್ ಇಂಗ್ಲಿಷಿನಲ್ಲಿ. "ರಸ ಯಾವುದೆಂದು ಗೊತ್ತಾದರೆ ನನಗೆ ಅನುಕೂಲ. ಸರಿಯಾಗಿ ನೋಡಿ."

"ಪಬ್ಲಿಶ್ಡ್ ಬುಕ್ ಮೇಡಂ ಇದು. ನಮ್ಮ ಎಕ್ಸ್‌ಪರ್ಟ್ ಬರೆದದ್ದು."

ನಾನು ಲಿಯೊನೆಲ್‌ನ ಮುಖ ನೋಡಲಿಲ್ಲ. ಅವನ ಜಾಕೆಟ್ಟಿನ ಜೇಬುಗಳನ್ನು ನೋಡುತ್ತ ನಿಂತಿದ್ದೆ. ಅವನು ಮುಂದೆ ಹೋದ.

"ಆ ಹೆಸರಿನ ಗಿಡ ಇಲ್ಲ ಡಾಕ್ಟರ್. ಅದು ಕ್ಯಾಲೊಟ್ರೊಪಿಸ್."

"ಹಾಗಾದರೆ ಇದನ್ನು ಬರೆದವರು ಯಾರು?"

"ನಾನೇ."

ಡಾಕ್ಟರ್ ಅವನನ್ನು ಟೋಪಿಯಿಂದ ಶೂವಿನವರೆಗೆ ಒಮ್ಮೆ ನೋಡಿದರು. "ಉಶರ್" ಎಂದರು. "ನಮ್ಮೂರಿನಲ್ಲಿ ಹಾಗೆನ್ನುತ್ತಾರೆ. ಇದನ್ನು ಮುಟ್ಟಿದ ಕೈ ಕಣ್ಣಿಗೆ ತಾಗಬಾರದೆಂದು ಸುಡಾನಿನಲ್ಲಿ ಆಡು ಕಾಯುವ ಮಕ್ಕಳಿಗೂ ಗೊತ್ತು." ಅಷ್ಟು ಹೇಳಿ ಒಳಗೆ ಹೋದರು. ಅವರಿಗೆ ಬೈಯಲು ಪುರುಸೊತ್ತಿರಲಿಲ್ಲ.

ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದ ಚಾಮುಂಡೇಶ್ವರಮ್ಮನ ಮುಂದೆ ಲಿಯೊನೆಲ್ ಹೋಗಿ ನಿಂತ. "ಅದು ಎಕ್ಕವೇ ಅಮ್ಮ. ನಂಗೆ ಗೊತ್ತಿತ್ತು."

"ನಿಮಗೆ ಗೊತ್ತಿದ್ದದ್ದು ನಂಗೂ ಗೊತ್ತಾಯ್ತು ಕಣಪ್ಪ" ಎಂದರು ಅವರು. "ಕನ್ನಡಕ ಒರೆಸಿದ್ರಲ್ಲ, ಆಗ."

ಗಾನವಿಯ ಕಣ್ಣು ಉಳಿಯಿತು. ಕರಿಗುಡ್ಡೆಯ ಮೇಲೆ ಬಂದ ಪೊರೆ ಔಷಧಿಗೆ ಇಳಿಯುತ್ತ ಹೋಗಿ ಎರಡು ವಾರದಲ್ಲಿ ಮೊದಲಿನಂತಾಯಿತು. ನೀರು ಹುಯ್ದದ್ದು ಒಳ್ಳೆಯದಾಯಿತು ಎಂದರಂತೆ ಡಾಕ್ಟರ್. ಲಿಯೊನೆಲ್ ಆ ಎರಡು ವಾರ ಸರಿಯಾಗಿ ಉಣ್ಣಲಿಲ್ಲ. ಅವನ ಸಕ್ಕರೆ ಎರಡು ವರ್ಷ ನಡೆದಾಗಲೂ ಇಳಿಯದಷ್ಟು ಇಳಿಯಿತು. ವೆಲಿಟಾ ಮೂರನೆಯ ದಿನ ಶೋಕೇಸಿನಿಂದ 'ಸಸ್ಯಋಷಿ' ಫಲಕವನ್ನು ತೆಗೆದು, ಬಟ್ಟೆ ಒಗೆಯುವ ಮೆಷಿನ್ ಅಲುಗಾಡದ ಹಾಗೆ ಅದರ ಒಂದು ಕಾಲಿನಡಿ ಕೊಟ್ಟಳು. ಎತ್ತರ ಸರಿಹೊಂದಿತು.

ಮರಳು ಮಿತ್ರರ ತುರ್ತು ಸಭೆ ಊದ್ ಮೇಥಾದ ಒಂದು ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ನಡೆಯಿತು. ಕಪ್ಪು ಕನ್ನಡಕ ಹಾಕಿದ್ದ ಸೊಸೆಗೆ ಜೊತೆಯಾಗಿ ಚಾಮುಂಡೇಶ್ವರಮ್ಮನೂ ಬಂದಿದ್ದರು. ಲಿಯೊನೆಲ್ ಎದ್ದುನಿಂತು, ಪುಸ್ತಕದ ಇಪ್ಪತ್ತೇಳು ಹೆಸರು ತಾನು ಹುಟ್ಟಿಸಿದ್ದು ಎಂದು ಪುಟದ ಸಂಖ್ಯೆ ಸಮೇತ ಓದಿದ. ಅದು ಅವನ ಕಸುಬು. ನಂಬರು ಸಮೇತ ಓದುವುದು ಅವನಿಗೆ ಚೆನ್ನಾಗಿ ಬರುತ್ತದೆ. ಎರಡು ಸಾಲನ್ನು ಕೇಳಿ ತುಂಬಿಸಿದ್ದು ನಾನು ಎಂದು ನಾನೂ ಹೇಳಿದೆ. ಗಾನವಿ ಹೆಚ್ಚು ಮಾತಾಡಲಿಲ್ಲ. "ನಾನು ಎಲ್ಲವನ್ನೂ ಬರೆದುಕೊಂಡೆ ಸರ್" ಎಂದಳು. ಅದೊಂದು ಮಾತು ಅವನಿಗೆ ತಾಗಿತು. ಉಳಿದವರು ಆಡಿದ್ದು ತಾಗಲಿಲ್ಲ, ಯಾಕೆಂದರೆ ಉಳಿದವರು ಕೆರಳಿದ್ದು ಬೇರೆಯದಕ್ಕೆ.

"ಎಕ್ಕ ಅಂತ ನನಗೆ ಮೊದಲೇ ಗೊತ್ತಿತ್ತು" ಎಂದಳು ಬಂಟ್ವಾಳದವಳು.

"ನೋಡಿದ ಕೂಡಲೇ ಗೊತ್ತಾಯ್ತು ನಂಗೆ" ಎಂದ ಬ್ಯಾಂಕಿನವನು.

ಸುತ್ತು ಬಂದಾಗ ಮೂವತ್ತೊಂದು ಮಂದಿಗೆ ಮೊದಲೇ ಗೊತ್ತಿತ್ತು. ಚಾಮುಂಡೇಶ್ವರಮ್ಮ ಎಲ್ಲರನ್ನೂ ಒಮ್ಮೆ ನೋಡಿ, "ಗೊತ್ತಿದ್ರೆ ನಾನು ಕೇಳಿದಾಗ ಯಾಕ್ರಪ್ಪ ಬಾಯಿ ಬಿಡ್ಲಿಲ್ಲ?" ಎಂದು ಕೇಳಿದರು.

ಬಂಟ್ವಾಳದವಳು ಮೆನು ಕಾರ್ಡು ತೆರೆದಳು, ಬ್ಯಾಂಕಿನವನೂ ತೆರೆದ.

"ಅಮ್ಮ, ನಿನಗೆ ಗ್ರೂಪ್ ಡೈನಾಮಿಕ್ಸ್ ಅರ್ಥ ಆಗಲ್ಲ" ಎಂದ ಆದರ್ಶ, ಮತ್ತು ಎಲ್ಲರಿಗೂ ಕಾಫಿ ಹೇಳಿದ. ಅವತ್ತು ಸಂಜೆ ವಾಟ್ಸ್ಯಾಪ್ ಗುಂಪಿನಿಂದ ಲಿಯೊನೆಲ್‌ನನ್ನು ತೆಗೆದರು. ಒಂದು ಗಂಟೆಯ ಮೇಲೆ ನನ್ನನ್ನೂ ತೆಗೆದರು. ಉಳಿದ ಪುಸ್ತಕಗಳು ನಮ್ಮ ಪ್ರೆಸ್ಸಿಗೆ ವಾಪಸು ಬಂದವು. ಹಂಚಿಹೋದವು ಹೋದವೇ. ಒಂದು ಶಾಲೆಯ ವಿಜ್ಞಾನ ಮೇಳದಲ್ಲಿ ಡ್ರೈನೇಜಿಕಕ್ಕೆ ಎರಡನೇ ಬಹುಮಾನ ಬಂತೆಂದು ಕೇಳಿದೆ. ಲಿಯೊನೆಲ್ ಆ ಶಾಲೆಗೆ ತಿದ್ದುಪಡಿ ಪತ್ರ ಬರೆದ. ಅಚ್ಚಾದ ಆಧಾರಗ್ರಂಥದಲ್ಲಿ ಹಾಗೆಯೇ ಇದೆ, ತಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಉತ್ತರ ಬಂತು.

ಸಭೆಯಾದ ಮೇಲಿನ ಶನಿವಾರ ಅಪರಿಚಿತ ನಂಬರಿನಿಂದ ಅವನಿಗೆ ಫೋನ್. ಚಾಮುಂಡೇಶ್ವರಮ್ಮ. "ಲಯನ್ನಪ್ಪೋರೇ, ಇನ್ನೂ ಐದು ವಾರ ವೀಸಾ ಇದೆ. ಮನೆಯಲ್ಲಿ ಕೂತು ಕೂತು ಕಾಲು ಹಿಡ್ಕೊಂಡಿದೆ. ನೀವು ನಡೆಯೋಕೆ ಹೋಗ್ತೀರಾ?"

ಹಾಗೆ ನಾವು ಮೂವರೂ ಐದು ಶನಿವಾರ ಹೋದೆವು, ಅಬ್ದುಲ್ಲನ ಒಂಟೆಕೊಟ್ಟಿಗೆಯ ಸುತ್ತಮುತ್ತ. ಈ ಸಲ ಅವನಿಗೆ ಎಡಕ್ಕೆ ನಿಲ್ಲಲು ಹೇಳಲಿಲ್ಲ. ಅವನು ಅಶ್‌ಖರ್ ಎಂದದ್ದು ನಮ್ಮ ಎಕ್ಕ. ನೆಲದ ಮೇಲೆ ಬಳ್ಳಿಹರಿದು ಚೆಂಡಿನಂಥ ಕಾಯಿ ಬಿಟ್ಟ ಹಂದಲ್ ಎಂಬುದನ್ನು ಆಕೆ ಹೊಟ್ಟೆ ಕೆಡಿಸುವ ಹಾವುಮೆಕ್ಕೆ ಎಂದು ಥಟ್ಟನೆ ಗುರುತಿಸಿದರು. ಪುಸ್ತಕದಲ್ಲಿ ಅದು ಮರುಭೂಮಿಯ ಮರಿ ಕಲ್ಲಂಗಡಿ ಆಗಿತ್ತು. ಯಾರೂ ತಿನ್ನದೆ ಇದ್ದದ್ದು ನಮ್ಮ ಪುಣ್ಯ. ಗಾಫ್ ಮರದ ಕೆಳಗೆ ಕೂತಾಗ ಆಕೆ ಒಂದು ರೆಂಬೆಯನ್ನು ಬಗ್ಗಿಸಿ, ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದರು. "ಇದು ಬನ್ನಿ" ಎಂದರು. "ಮೈಸೂರಲ್ಲಿ ದಸರೆಗೆ ಒಂದು ಕಡ್ಡಿಗೆ ಹೊಡೆದಾಡ್ತಾರೆ. ಇಲ್ಲಿ ನೋಡಿದರೆ ಒಂಟೆ ಮೇಯ್ತಿದೆ." ಲಿಯೊನೆಲ್ ಅದನ್ನು ಆಫೀಸಿನ ಹಾಳೆಯಲ್ಲಿ ಬರೆದುಕೊಂಡ. ಅಬ್ದುಲ್ಲ ಹೇಳಿದ ಹೆಸರು ಒಂದು ಕಡೆ, ಆಕೆ ಹೇಳಿದ್ದು ಇನ್ನೊಂದು ಕಡೆ. ಮೂರನೆಯ ಕಡೆ, ಲ್ಯಾಟಿನ್ ಹೆಸರಿನ ಜಾಗ, ಖಾಲಿ. ಹದಿನಾರು ಗಿಡವಾಗುವಷ್ಟರಲ್ಲಿ ಆಕೆಯ ವೀಸಾ ಮುಗಿಯಿತು. ಏಪ್ರಿಲ್ ಮೊದಲ ವಾರ ಊರಿಗೆ ಹೋದರು.

ಮರಳು ಮಿತ್ರರು ಈಗ ಹೂವಿನ ಸುದ್ದಿಗೆ ಹೋಗುವುದಿಲ್ಲ. ಬೆಟ್ಟದ ಮೇಲೆ ಕಲ್ಲಾಗಿಹೋದ ಶಂಖ, ಚಿಪ್ಪು ನೋಡಲು ಹೋಗುತ್ತಾರೆ. ಫುಡ್ ಟ್ರೇಡಿಂಗ್‌ನಲ್ಲಿರುವ ನಾರ್ಬರ್ಟ್ ಎಂಬೊಬ್ಬರು ಅವುಗಳ ವಯಸ್ಸನ್ನು ಕೋಟಿ ವರ್ಷಗಳ ಲೆಕ್ಕದಲ್ಲಿ ನಿಂತಲ್ಲೇ ಹೇಳುತ್ತಾರಂತೆ. ಗಾನವಿ ಹೋಗುವುದು ಬಿಟ್ಟಿದ್ದಾಳೆ.

ನಾನು ಮತ್ತು ಲಿಯೊನೆಲ್ ಇನ್ನೂ ಹೋಗುತ್ತೇವೆ. ಕಳೆದ ಡಿಸೆಂಬರಿನಲ್ಲಿ ಒಂದು ವಾದಿಯ ಬಾಯಲ್ಲಿ ಕೂತಿದ್ದೆವು. ಬೆಂಗಳೂರಿನ ಒಂದು ಜೋಡಿ ನಮ್ಮ ಕನ್ನಡ ಕೇಳಿ ಹತ್ತಿರ ಬಂತು. ಕಲ್ಲಿನ ನಡುವಿನ ಒಂದು ಹಳದಿ ಹೂವನ್ನು ತೋರಿಸಿ ಗಂಡ ಕೇಳಿದ, "ಸರ್, ಇದೇನು ಅಂತ ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ" ಎಂದ ಲಿಯೊನೆಲ್.

ಆ ಮನುಷ್ಯ ಅವನ ಹದಿನೆಂಟು ಜೇಬುಗಳನ್ನೂ ಭೂತಗನ್ನಡಿಯನ್ನೂ ನೋಡಿದ. "ಸುಮ್ನೆ ಬಂದ್ವಿ, ಒಬ್ಬ ಗೈಡ್ ಇಟ್ಕೋಬೇಕಿತ್ತು" ಎಂದಳು ಹೆಂಡತಿ, ನಮಗೆ ಕೇಳುವ ಹಾಗೆಯೇ. ಇಬ್ಬರೂ ಕಲ್ಲು ದಾಟಿ ಮುಂದೆ ಹೋದರು.

"ನಿಜವಾಗಿ ಗೊತ್ತಿಲ್ವಾ?" ಎಂದು ಕೇಳಿದೆ.

"ಇಲ್ಲ ಮಾರಾಯ. ಅಬ್ದುಲ್ಲನನ್ನೂ ಕೇಳಿ ಆಯ್ತು. ಅವನಿಗೂ ಗೊತ್ತಿಲ್ಲವಂತೆ."

ಅವನ ಮುಖದಲ್ಲಿ ಸಮಾಧಾನ ಕಾಣುತ್ತದೆಯೇ ಎಂದು ನಾನು ನೋಡಿದೆ, ಕಾಣಲಿಲ್ಲ. ಆ ಜೋಡಿ ಕಣಿವೆಯ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಅವರ ಬೆನ್ನನ್ನೇ ನೋಡುತ್ತಿದ್ದ. ಅವನ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಉದ್ದನೆಯ ಹೆಸರು ಇರಬೇಕು, ಎರಡು ಪದದ್ದು. ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಸಕ್ಕರೆ ಹಾಕದೆ, ಅವನ ಕೈಗೆ ಕೊಟ್ಟೆ.